ಖಾನಾವಳಿ ನೋಡಿ ಕಾಲೇಜು

ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ನೀಲಕ್ಕನ ಅಣ್ಣ ಸಿದ್ದಲಿಂಗ ಹಾಗೆ ದೊಡ್ಡ ಮನುಷ್ಯನಾದವನು. ಜೊಯಿಡಾದ ಕಚೇರಿಗೆ ವರ್ಗವಾಗಿ ಬಂದ ಗುಮಾಸ್ತರೆಲ್ಲ ಆರು ತಿಂಗಳಲ್ಲಿ ಯಾರ್ಯಾರದೋ ಕಾಲು ಹಿಡಿದು ಕಾರವಾರಕ್ಕೋ ಹಳಿಯಾಳಕ್ಕೋ ಪಾರಾಗುತ್ತಿದ್ದರು. ಇವನಿಗೆ ಕಾಲು ಹಿಡಿಯುವುದೂ ಬರಲಿಲ್ಲ, ನೆಟ್ಟಗೆ ಒಂದು ಅರ್ಜಿ ಬರೆಯುವುದೂ ಬರಲಿಲ್ಲ. ಹೀಗಾಗಿ ಮೂವತ್ತು ವರ್ಷ ಅಲ್ಲೇ ಕೂತ. ಮೇಲಿನವರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದಂತೆ ಇವನ ಕುರ್ಚಿ ತಾನಾಗಿ ಮೇಲೇರಿತು. ನಿವೃತ್ತನಾಗುವ ಹೊತ್ತಿಗೆ ಸೂಪರಿಂಟೆಂಡೆಂಟ್. ಈಗ ಹಳಿಯಾಳದಲ್ಲಿ ಮನೆ ಕಟ್ಟಿಸಿಕೊಂಡು, ಕರೆದವರ ಮನೆಗೂ ಕರೆಯದವರ ಮನೆಗೂ ಹೋಗಿ ಬುದ್ಧಿ ಹೇಳುವುದನ್ನೇ ಉದ್ಯೋಗ ಮಾಡಿಕೊಂಡಿದ್ದ.

ಅಂಥವನು ಇವತ್ತು ಮುಂಡಗೋಡದ ಪಿಯು ಕಾಲೇಜಿನ ಸಭಾಂಗಣದಲ್ಲಿ ಶಾಲು ಹೊದ್ದು, ವೇದಿಕೆಯ ನಟ್ಟನಡುವಿನ ಕುರ್ಚಿಯಲ್ಲಿ ಕೂತಿದ್ದ. ಹಿಂದೆ ‘ಪಿಯುಸಿ ನಂತರ ಮುಂದೇನು?’ ಎಂದು ಬರೆದ ಬ್ಯಾನರು. ಮಕ್ಕಳಿಗೆ ದಾರಿ ತೋರಿಸಲು ಯಾರಾದರೂ ಅನುಭವಸ್ಥರು ಬೇಕಿತ್ತು ಎಂದು ಉಪನ್ಯಾಸಕಿ ಮಹೆಜಬೀನ ಪಾಲಕರ ಸಭೆಯಲ್ಲಿ ಕೇಳಿದ್ದರಂತೆ. ನೀಲಕ್ಕನ ಮಗ ಕಿರಣಕುಮಾರ ಎದ್ದು ನಿಂತು, ನಮ್ಮ ಮಾಮಾ ಇದ್ದಾರಲ್ಲ ಅಂದಿದ್ದ. ಎರಡನೇ ಸಾಲಿನಲ್ಲಿ ಮೊಮ್ಮಗಳು ಸುಮಿತಾಳ ಪಕ್ಕ ಕೂತಿದ್ದ ನೀಲಕ್ಕ, ಈ ಅನುಭವಸ್ಥನನ್ನು ನೋಡಿ ಮೂಗು ಮುರಿಯುವುದನ್ನು ಯಾರಿಂದಲೂ ಮುಚ್ಚಿಡಲಿಲ್ಲ.

ಸುಮ್ಮನೆ ಮೂಗು ಮುರಿದು ಮನೆಗೆ ಹೋಗುವಂತಿದ್ದರೆ ಅವಳಿಗೆ ಚಿಂತೆ ಇರಲಿಲ್ಲ. ಸುಮಿತಾಳಿಗೆ ಅರಣ್ಯ ವಿಜ್ಞಾನದ ಸರಕಾರಿ ಸೀಟು ಸಿಕ್ಕಿತ್ತು. ಹುಡುಗಿ ಎರಡು ವರ್ಷ ಅದೊಂದನ್ನೇ ಜಪಿಸಿ, ಕಷ್ಟಪಟ್ಟು ಓದಿ ತಂದ ಸೀಟು. ಅದು ಬೇಕೆಂದು ಮೊಬೈಲಿನಲ್ಲಿ ಒಪ್ಪಿಗೆ ಒತ್ತಲು ಇವತ್ತೇ ಕಡೆಯ ದಿನ, ಸಂಜೆ ಐದು ಗಂಟೆಯವರೆಗೆ. ಒತ್ತದಿದ್ದರೆ ಸೀಟು ಬೇರೆಯವರ ಪಾಲು. ಒತ್ತಬೇಕಾದರೆ ಕಿರಣಕುಮಾರನ ಫೋನಿಗೆ ಬರುವ ನಂಬರು ಬೇಕು. ಅವನೋ ಟಿಬೆಟನ್ ಕಾಲೊನಿಯವರ ಗೋವಿನಜೋಳ ಕೊಂಡು ಹುಬ್ಬಳ್ಳಿಗೆ ಕಳಿಸುವ ವ್ಯಾಪಾರಸ್ಥ. ಜೋಳದ ತೇವ ಎಷ್ಟಿದೆ ಎಂದು ಒಂದು ಕಾಳು ಕಚ್ಚಿ ಹೇಳುತ್ತಾನೆ, ಮಗಳ ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ತಿಳಿಯದು. ಓದಿನ ಮಾತು ಬಂದರೆ ಈ ಮನೆಗೆ ಮಾಮಾನೇ ಹೈಕೋರ್ಟು. ಭಾಷಣ ಮುಗಿಸಿ ಊಟಕ್ಕೆ ಬರುತ್ತಾನೆ, ಅವನು ಹೂಂ ಅಂದರೆ ಒತ್ತುವುದು, ಊಹೂಂ ಅಂದರೆ ಬಿಡುವುದು ಎಂದು ಕಿರಣ ತೀರ್ಮಾನ ಮಾಡಿಬಿಟ್ಟಿದ್ದ. ನಿನ್ನೆ ರಾತ್ರಿ ನೀಲಕ್ಕ ನಡುವೆ ಬಾಯಿ ಹಾಕಿದರೆ, ಅವ್ವಾ ನೀ ಕಾಲೇಜು ಮೆಟ್ಟಿಲು ಹತ್ತಿದವಳಲ್ಲ, ಇದು ನಿನಗೆ ತಿಳಿಯುವ ವಿಷಯವಲ್ಲ ಎಂದಿದ್ದ. ಅವನದು ಒರಟು ಮಾತಲ್ಲ. ತಿಳಿದದ್ದನ್ನು ತಿಳಿದಹಾಗೆ ಹೇಳಿದ್ದ, ಅಷ್ಟೆ.

ವೇದಿಕೆಯ ಮೇಲೆ ಸಿದ್ದಲಿಂಗ ಎದ್ದು ಗಂಟಲು ಸರಿಮಾಡಿಕೊಂಡ. ತಮ್ಮ ಕಾಲದಲ್ಲಿ ದಾರಿ ತೋರಿಸುವವರು ಯಾರೂ ಇರಲಿಲ್ಲವೆಂದ. ತಾನು ಧಾರವಾಡಕ್ಕೆ ಹೋಗಿ ಮೂರು ಕಾಲೇಜು ಸುತ್ತಿದೆ, ಪ್ರಾಧ್ಯಾಪಕರನ್ನು ಕಂಡು ಮಾತಾಡಿದೆ, ಗ್ರಂಥಾಲಯಗಳಲ್ಲಿ ಕೂತು ಪುಸ್ತಕ ತಿರುವಿ ನೋಡಿದೆ, ಕೊನೆಗೆ ತನ್ನ ಒಲವು ಇತಿಹಾಸದ ಕಡೆ ಇದೆ ಎಂದು ಕಂಡುಕೊಂಡೆ ಎಂದ. ಹೇಳುವಾಗ ಬೆರಳಿನ ಉಂಗುರವನ್ನು ತಿರುವುತ್ತಲೇ ಇದ್ದ. ಸಣ್ಣವನಿದ್ದಾಗಿನಿಂದ ಸುಳ್ಳು ಹೇಳುವಾಗ ಅವನ ಕೈಗೆ ಏನಾದರೊಂದು ತಿರುವಲು ಬೇಕು. ಆಗ ಉಂಗುರವಿರಲಿಲ್ಲ, ಅಂಗಿಯ ಗುಂಡಿ ತಿರುವಿ ತಿರುವಿ ಹರಿಯುತ್ತಿದ್ದ.

“ಕಾಲೇಜು ಅಂದ್ರ ನಿಮ್ಮ ಜೀವನದ ಪಾಯಾ ಮಕ್ಕಳ. ನಾ ಆ ಪಾಯಾ ಮುಟ್ಟಿ ನೋಡಿ ಆರಿಸೇನಿ,” ಎಂದ.

ನೀಲಕ್ಕನಿಗೆ ನಗು ಬಂತು. ಪಾಯಾ ಅಂತೆ. ಇವನು ಗ್ರಂಥಾಲಯಕ್ಕೆ ಹೋಗಿದ್ದು ನಿಜವಿದ್ದರೆ ಅಲ್ಲಿ ಫ್ಯಾನ್ ಇತ್ತು ಎಂದೇ ಹೋಗಿರಬೇಕು. ಆ ಕಾಲದ ಗಂಡಸರು ಮಕ್ಕಳಿಗೆ ಕಾಲೇಜು ಹೇಗೆ ಆರಿಸಿದರು ಎಂಬುದು ಅವಳಿಗೆ ಗೊತ್ತಿಲ್ಲವೆ? ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತಿದ್ದರು, ಸುಳಿ ನೋಡುತ್ತಿದ್ದರು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದರು. ಮಗನ ಕಾಲೇಜಿಗೆ ಮಾತ್ರ ಅವರ ಲೆಕ್ಕಾಚಾರವೇ ಬೇರೆ. ಅವಳ ತವರಿನ ಪಕ್ಕದ ಮನೆಯ ಶಿವಲಿಂಗಪ್ಪನಿಗೆ ದಾಯಾದಿಗಳ ಜೊತೆ ಹೊಲದ ವ್ಯಾಜ್ಯವಿತ್ತು, ಧಾರವಾಡದ ಕೋರ್ಟಿನಲ್ಲಿ. ತಾರೀಖಿಗೆ ಹೋದಾಗ ಮಗನನ್ನೂ ನೋಡಿದಂತಾಗುತ್ತದೆ ಎಂದು ಕೋರ್ಟಿನ ಹತ್ತಿರದ ಕಾಲೇಜಿಗೆ ಹಾಕಿದ. ಹುಡುಗ ಎರಡನೇ ವರ್ಷದಲ್ಲಿದ್ದಾಗ ಕೇಸು ರಾಜಿಯಾಯಿತು. ಇನ್ನು ಧಾರವಾಡದಲ್ಲಿ ನಮಗೇನು ಕೆಲಸ ಎಂದು ಹುಡುಗನನ್ನು ಹಾಸಿಗೆ ಸಮೇತ ಎಬ್ಬಿಸಿಕೊಂಡು ಬಂದ. ದಾಂಡೇಲಿಯಲ್ಲಿ ಕಾಗದದ ಗಿರಣಿ ಕೆಲಸದಲ್ಲಿದ್ದ ಕಾಸಿಂಸಾಬನದು ಇನ್ನೊಂದು ಶಾಸ್ತ್ರ. ಕಾಗದ ತುಂಬಿದ ಲಾರಿ ಹುಬ್ಬಳ್ಳಿಗೆ ಹೋಗುವಾಗ ಯಾವ ತಿರುವಿನಲ್ಲಿ ನಿಧಾನ ಮಾಡುತ್ತದೋ ಆ ತಿರುವಿನ ಕಾಲೇಜು ಅವನ ಮಗನಿಗೆ ಪ್ರಶಸ್ತವಾಯಿತು. ಹುಡುಗ ಲಾರಿಯಿಂದ ಜಿಗಿಯುವುದರಲ್ಲಿ ಪಾರಂಗತನಾದ, ಡಿಗ್ರಿಯಲ್ಲಿ ಮೂರು ಸಲ ಕೂತ.

ಇವರೆಲ್ಲರನ್ನೂ ಮೀರಿಸಿದವನು ಅವಳ ಅಪ್ಪ ಅಂದಾನೆಪ್ಪ. ಅವನ ಪ್ರಕಾರ ಹೊಟ್ಟೆ ತಣ್ಣಗಿದ್ದರೆ ತಲೆ ತಾನಾಗಿ ಓದುತ್ತದೆ. ಆದ್ದರಿಂದ ಮೊದಲು ನೋಡಬೇಕಾದದ್ದು ಖಾನಾವಳಿ. ಒಳ್ಳೆಯ ಖಾನಾವಳಿ ಗೊತ್ತುಮಾಡಿಕೊಂಡು, ಅದಕ್ಕೆ ಸಮೀಪ ಯಾವ ಕಾಲೇಜಿದೆಯೋ ಅದಕ್ಕೆ ಮಗನನ್ನು ಸೇರಿಸುವುದು. ಇದನ್ನು ಅವನು ಹೊಲದ ಬದುವಿನಲ್ಲಿ ನಿಂತು ನಾಲ್ಕು ಜನರಿಗೆ ವಿವರಿಸುತ್ತಿದ್ದ, ಅವರು ತಲೆದೂಗುತ್ತಿದ್ದರು. ತಲೆದೂಗಿದವರಲ್ಲಿ ಇಬ್ಬರು ತಮ್ಮ ಮಕ್ಕಳಿಗೂ ಹಾಗೇ ಮಾಡಿದರು.

ನಲವತ್ತಮೂರು ವರ್ಷದ ಹಿಂದಿನ ಮಾತು. ಪಿಯುಸಿಯಲ್ಲಿ ಸಿದ್ದಲಿಂಗ ಒಂದು ಸಲ ಡುಮ್ಕಿ ಹೊಡೆದಿದ್ದರಿಂದ ಅಣ್ಣ ತಂಗಿ ಒಂದೇ ವರ್ಷ ಪರೀಕ್ಷೆಗೆ ಕೂತಿದ್ದರು. ಅವನು ತೇಲುತ್ತ ಮುಳುಗುತ್ತ ದಡ ಮುಟ್ಟಿದ. ಹದಿನೇಳರ ನೀಲಕ್ಕ ಫಸ್ಟ್ ಕ್ಲಾಸು. ಫಲಿತಾಂಶ ಬಂದ ವಾರಕ್ಕೆ ಅಪ್ಪ, ನಾಳೆ ಧಾರವಾಡಕ್ಕೆ ನೀನೂ ಬಾ ಎಂದ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದರೆ ಎಲ್ಲಿ ಮನಸ್ಸು ಬದಲಿಸುತ್ತಾನೋ ಎಂಬ ಹೆದರಿಕೆ. ಅವ್ವ ತನ್ನ ಇಳಕಲ್ ಸೀರೆ ಉಡಿಸಿ ಕಳಿಸಿದಳು. ನೀಲಕ್ಕ ಮಾರ್ಕ್ಸ್ ಕಾರ್ಡನ್ನು ಎರಡು ರಟ್ಟಿನ ನಡುವೆ ಇಟ್ಟು, ಕೈಚೀಲಕ್ಕೆ ಹಾಕಿ, ಹಳಿಯಾಳದಿಂದ ಧಾರವಾಡದವರೆಗೆ ಆ ಚೀಲವನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಧಾರವಾಡದಲ್ಲಿ ಇಳಿದ ಅಪ್ಪ, ಅಣ್ಣ, ಅವಳು ಮೂವರೂ ನೇರ ಒಂದು ಖಾನಾವಳಿಗೆ ಹೋದರು. ಅಪ್ಪ ರೊಟ್ಟಿ ತರಿಸಿ ಅವಳ ಮುಂದೆ ಸರಿಸಿ, ನೋಡು ಎಂದ. ಹಸಿದಿದ್ದಾಳೆ ಎಂದು ಕೊಡುತ್ತಿದ್ದಾನೆ ಅಂದುಕೊಂಡು ಅವಳು ತಿಂದಳು. ಹಿಟ್ಟು ಹಳೆಯದು ಎಂದಳು. ಎದ್ದರು. ಇನ್ನೊಂದು ಖಾನಾವಳಿ. ಅಲ್ಲಿ ರೊಟ್ಟಿ ಚರ್ಮದ ಹಾಗೆ ಎಳೆಯುತ್ತಿತ್ತು, ಪಲ್ಯಕ್ಕೆ ಸೋಡಾ ಹಾಕಿದ್ದರು. ಅದನ್ನೂ ಹೇಳಿದಳು. ಮೂರನೆಯದು ಶಿವಗಂಗವ್ವ ಎಂಬವಳ ಖಾನಾವಳಿ. ರೊಟ್ಟಿ ಮಡಚಿದರೆ ಮಡಚಿಕೊಳ್ಳುತ್ತಿತ್ತು, ಮುರಿದರೆ ಹೊಸ ಜೋಳದ ವಾಸನೆ. ಚೆನ್ನಾಗಿದೆ ಎಂದಳು. ಅಪ್ಪ ಕೈತೊಳೆದುಕೊಂಡು, ಮುಗಿಯಿತು, ಇಲ್ಲೇ ಎಂದ. ಆಮೇಲೆ ಶಿವಗಂಗವ್ವನನ್ನು ಕೇಳಿದ, ಇಲ್ಲಿಗೆ ಹತ್ತಿರ ಯಾವ ಕಾಲೇಜು ಇದೆ ಎಂದು.

ಆ ಕಾಲೇಜಿನಲ್ಲಿ ಎರಡು ಕಿಟಕಿಗಳಿದ್ದವು. ಅರ್ಥಶಾಸ್ತ್ರದ ಸಾಲು ಅಂಗಳ ದಾಟಿ ಗೇಟಿನವರೆಗೆ ಬಂದಿತ್ತು. ಇತಿಹಾಸದ ಸಾಲಿನಲ್ಲಿ ನಾಲ್ಕೇ ಜನ. ಊರಿಗೆ ಹೋಗುವ ಕೊನೆಯ ಬಸ್ಸಿಗೆ ಹೊತ್ತಾಗಿತ್ತು. ಹೀಗೆ ಸಿದ್ದಲಿಂಗನಿಗೆ ಇತಿಹಾಸದ ಮೇಲೆ ಒಲವು ಹುಟ್ಟಿತು. ಕಿಟಕಿಯ ಒಳಗಿನ ಗುಮಾಸ್ತ ಅಣ್ಣ ತಂಗಿ ಇಬ್ಬರನ್ನೂ ನೋಡಿ, ಎರಡು ಫಾರ್ಮು ಬೇಕೆ ಎಂದು ಕೇಳಿದ. ಅಪ್ಪ ಒಂದು ಸಾಕು ಎಂದ. ಅಷ್ಟಾದರೂ ನೀಲಕ್ಕನಿಗೆ ಆಸೆ ಹೋಗಲಿಲ್ಲ. ಅಣ್ಣನದು ಮುಗಿದ ಮೇಲೆ ತನ್ನದಿರಬಹುದು ಎಂದು ಚೀಲದಿಂದ ಮಾರ್ಕ್ಸ್ ಕಾರ್ಡು ತೆಗೆದು ಕೈಯಲ್ಲಿ ಹಿಡಿದು ನಿಂತಳು. ಅಪ್ಪ ತಿರುಗಿ ನೋಡಿದ.

“ಅದನ್ಯಾಕ ತಂದಿ ನೀಲಾ? ಹರದ ಗಿರದೀತು, ಒಳಗ ಇಡು.”

ಬೈದಿದ್ದರೆ ಎಂದೋ ಮರೆಯುತ್ತಿದ್ದಳು. ಅಪ್ಪ ಬೈಯಲಿಲ್ಲ, ಪ್ರೀತಿಯಿಂದಲೇ ಹೇಳಿದ. ರೊಟ್ಟಿ ಒಳ್ಳೆಯದೋ ಕೆಟ್ಟದ್ದೋ ಎಂದು ಪಾರಖಿ ಮಾಡುವುದಕ್ಕೆ ಮನೆಯಲ್ಲಿ ಇವಳಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ, ಅದಕ್ಕೇ ಕರೆದುಕೊಂಡು ಬಂದಿದ್ದ. ಮರುವರ್ಷ ಮುಂಡಗೋಡಕ್ಕೆ ಮದುವೆ ಮಾಡಿ ಕಳಿಸಿದ. ಅಂದಿನಿಂದ ನೀಲಕ್ಕ ಆ ಮಾತನ್ನು ಯಾರ ಮುಂದೆಯೂ ಎತ್ತಿದವಳಲ್ಲ. ಅಪ್ಪನನ್ನು, ಅವನ ಹಾಗೆ ತಲೆದೂಗಿದ ಇಡೀ ಪೀಳಿಗೆಯನ್ನು ಒಳಗೊಳಗೇ ಕಾಲಕಸ ಮಾಡಿಕೊಂಡು ಬದುಕಿದಳು. ಸತ್ತವರ ಮೇಲೆ ಸಿಟ್ಟು ಮಾಡಬಾರದು ಎನ್ನುತ್ತಾರೆ. ಮಾಡಿದಳು.

ಸಭಾಂಗಣದಲ್ಲಿ ಚಪ್ಪಾಳೆ ಬಿತ್ತು. ಸಿದ್ದಲಿಂಗ ಹೆಣ್ಣುಮಕ್ಕಳ ಶಿಕ್ಷಣದ ಕಡೆ ಹೊರಳಿದ್ದ. ತನ್ನ ತಂದೆ ಆ ಕಾಲಕ್ಕೇ ಬಹಳ ಮುಂದುವರಿದ ವಿಚಾರದವರಾಗಿದ್ದರಂತೆ, ಮಗ ಮಗಳು ಎಂದು ಭೇದ ಮಾಡಿದವರಲ್ಲವಂತೆ.

“ನನ್ನ ತಂಗಿ ಇಲ್ಲೇ ಕುಂತಾಳ. ಓದು ಅಂತ ಆಕಿಗೂ ಅಂದಿದ್ರು ನಮ್ಮ ಅಪ್ಪಾರು. ಆಕಿಗೇ ಮನಸಿರಲಿಲ್ಲ,” ಎಂದು ಬೆರಳು ತೋರಿಸಿ ನಕ್ಕ.

ಮಕ್ಕಳೆಲ್ಲ ಹೊರಳಿ ಎರಡನೇ ಸಾಲನ್ನು ನೋಡಿದರು. ಮಹೆಜಬೀನ ಕೂಡ ಪಾಪ ಎಂಬಂತೆ ನಕ್ಕರು. ನೀಲಕ್ಕನಿಗೆ ಕಿವಿ ಸುಟ್ಟ ಹಾಗಾಯಿತು. ಎದ್ದು ಎರಡು ಮಾತು ಅನ್ನಬೇಕೆಂದು ಕುರ್ಚಿಯ ಹಿಡಿಕೆ ಹಿಡಿದಳು, ಅಷ್ಟರಲ್ಲಿ ವಂದನಾರ್ಪಣೆ ಶುರುವಾಯಿತು. ಸುಮಿತಾ ಅಜ್ಜಿಯ ಮುಖವನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಊಟ ಮುಗಿಯುವ ಹೊತ್ತಿಗೆ ಮೂರೂವರೆ. ಸೊಸೆ ಪೂರ್ಣಿಮಾ ಹೋಳಿಗೆ ಮಾಡಿದ್ದಳು. ಸಿದ್ದಲಿಂಗ ನಾಲ್ಕು ಹೋಳಿಗೆ ಇಳಿಸಿ, ಎಲೆ ಅಡಿಕೆ ಹಾಕಿಕೊಂಡು, ದಿಂಬಿಗೆ ಒರಗಿ ತೀರ್ಪು ಕೊಡಲು ಕೂತ. ಕಿರಣ ಮುಂದೆ ಕೈಕಟ್ಟಿಕೊಂಡು ಕೂತಿದ್ದ. ಸುಮಿತಾ ಬಾಗಿಲ ಹತ್ತಿರ ಫೋನು ಹಿಡಿದು ನಿಂತಿದ್ದಳು.

ಅರಣ್ಯದ ಸೀಟು ಬೇಡ ಎಂದ ಸಿದ್ದಲಿಂಗ. ಜೊಯಿಡಾದಲ್ಲಿ ಮೂವತ್ತು ವರ್ಷ ಕಾಡು ನೋಡಿದ್ದೇನೆ, ಕಾಡಿನಲ್ಲಿ ರಕ್ತ ಹೀರುವ ಇಂಬಳ ಬಿಟ್ಟರೆ ಕಲಿಯುವಂಥದ್ದು ಏನೂ ಇಲ್ಲ ಎಂದ. ಎಲ್ಲಕ್ಕಿಂತ ಮುಖ್ಯವಾದ ಸಂಗತಿ ತಾನು ಹತ್ತು ಕಡೆ ಫೋನು ಮಾಡಿ ವಿಚಾರಿಸಿದ್ದೇನೆ ಎಂದ. ಆ ಕಾಲೇಜಿನ ವಸತಿಗೃಹದಲ್ಲಿ ತತ್ತಿ ಬೇಯಿಸಿದ ಪಾತ್ರೆಯಲ್ಲೇ ಅನ್ನ ಮಾಡುತ್ತಾರಂತೆ, ಯಾರೋ ಹೇಳಿದರಂತೆ. ಹುಬ್ಬಳ್ಳಿಯಲ್ಲಿ ತನಗೆ ಬೇಕಾದವರದೊಂದು ಖಾಸಗಿ ಕಾಲೇಜಿದೆ. ಅಲ್ಲಿನ ಲೇಡೀಸ್ ಹಾಸ್ಟೆಲಿನಲ್ಲಿ ಅಡುಗೆಯವರು ನಮ್ಮವರೇ, ಎರಡು ಹೊತ್ತೂ ರೊಟ್ಟಿ, ತಾನೇ ಹೋಗಿ ಉಂಡು ಬಂದಿದ್ದೇನೆ. ಇನ್ನು ಯೋಚನೆ ಮಾಡುವುದು ಏನೂ ಉಳಿದಿಲ್ಲ ಎಂದ. ಕಿರಣ ತಲೆದೂಗಿದ.

“ಅಲ್ಲಿ ಯಾವ ಕೋರ್ಸು ಅಜ್ಜಾ?” ಎಂದು ಸುಮಿತಾ ಸಣ್ಣ ದನಿಯಲ್ಲಿ ಕೇಳಿದಳು.

“ಅದನ್ನ ಅಲ್ಲಿ ಹೋಗಿ ಕೇಳಿದ್ರಾತು,” ಎಂದ ಸಿದ್ದಲಿಂಗ.

ಕಾಲ ಬದಲಾಯಿತು ಎಂದು ಯಾರು ಹೇಳಿದರೋ ಅವರ ಬಾಯಿಗೆ ಮಣ್ಣು ಬೀಳಲಿ ಅನ್ನಿಸಿತು ನೀಲಕ್ಕನಿಗೆ. ಹುಡುಗಿಯ ಕಣ್ಣು ಗೋಡೆಯ ಗಡಿಯಾರದ ಕಡೆ ಹೋಗಿ ಬಂತು. ನೀಲಕ್ಕ ಸೆರಗು ಸರಿಮಾಡಿಕೊಂಡು ಬಂದು, ಯಾರೂ ಕರೆಯದಿದ್ದರೂ ಗಂಡಸರ ನಡುವೆ ಕೂತಳು. ಶಿವಗಂಗವ್ವನ ಖಾನಾವಳಿ ನೆನಪಿದೆಯೆ ಎಂದು ಅಣ್ಣನನ್ನು ಕೇಳಿದಳು.

ಸಿದ್ದಲಿಂಗನ ಮುಖ ಅರಳಿತು. ನೆನಪಿಲ್ಲದೆ ಏನು? ಅವಳ ರೊಟ್ಟಿ, ಅವಳ ಪುಂಡಿಪಲ್ಯ, ಅಮಾವಾಸ್ಯೆಗೆ ಅವಳು ಮಾಡುತ್ತಿದ್ದ ಕಡಬು. ಮೂರು ವರ್ಷ ಅಲ್ಲೇ ಉಂಡೆ ಎಂದ. ವೇದಿಕೆಯ ಮೇಲೆ ಹೇಳಿದ ಗ್ರಂಥಾಲಯ, ಪ್ರಾಧ್ಯಾಪಕರು ಎಲ್ಲ ಮರೆತೇಹೋಯಿತು. ಅಪ್ಪ ಎರಡು ಖಾನಾವಳಿ ಬಿಟ್ಟು ಮೂರನೆಯದಕ್ಕೆ ಹೋಗಿದ್ದು, ಅಪ್ಪನ ಕೊಡೆ, ಶಿವಗಂಗವ್ವನ ಬಾಗಿಲಲ್ಲಿ ಕಟ್ಟಿದ್ದ ಎಮ್ಮೆ, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಅಲ್ಲಿ ಅಪ್ಪ ರೊಟ್ಟಿ ಮುರಿದು ನೋಡಿ ಇಲ್ಲೇ ಎಂದು ಗಟ್ಟಿ ಮಾಡಿದ ಎಂದ.

“ಮುರದು ನೋಡಿದಾಕಿ ನಾನು,” ಎಂದಳು ನೀಲಕ್ಕ.

ಸಿದ್ದಲಿಂಗ ಅವಳನ್ನು ದಿಟ್ಟಿಸಿದ. “ನೀ ಎಲ್ಲಿದ್ದಿ ನೀಲಾ? ಅವತ್ತ ಹೋದಾವರು ನಾನು, ಅಪ್ಪ, ಇಬ್ಬರ.”

ನೀಲಕ್ಕ ಅವನ ಬೆರಳಿನ ಕಡೆ ನೋಡಿದಳು. ಉಂಗುರ ಸುಮ್ಮನಿತ್ತು. ಕೈ ತೊಡೆಯ ಮೇಲೆ ಅಲ್ಲಾಡದೆ ಬಿದ್ದಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಎಮ್ಮೆ ನೆನಪಿದೆ, ಕೊಡೆ ನೆನಪಿದೆ, ಇಡೀ ದಿನ ಪಕ್ಕದಲ್ಲಿ ನಡೆದ ತಂಗಿ ನೆನಪಿಲ್ಲ. ಇಷ್ಟು ವರ್ಷ ಅವಳು ಇವನನ್ನು ಕಳ್ಳ ಅಂದುಕೊಂಡಿದ್ದಳು. ತನ್ನದನ್ನು ಕಸಿದುಕೊಂಡು, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಮೆರೆಯುತ್ತಿದ್ದಾನೆ ಎಂದು ತಿರಸ್ಕಾರ ಮಾಡುತ್ತ ಬಂದಿದ್ದಳು. ಇವನಿಗೆ ಕಸಿದುಕೊಂಡದ್ದೇ ಗೊತ್ತಿಲ್ಲ. ಅವಳಿಗೆ ಅವನ ಮೇಲೆ ಹೇಸಿಗೆ ಬಂತು, ಅದರ ಹಿಂದೆಯೇ ತನ್ನ ಮೇಲೂ ಬಂತು. ಇಂಥವನಿಗಾಗಿ ಇಷ್ಟೊಂದು ಸಿಟ್ಟು ಖರ್ಚು ಮಾಡಿದೆನಲ್ಲ ಎಂದು.

ಅವನನ್ನು ಬಿಟ್ಟು ಮಗನ ಕಡೆ ಹೊರಳಿದಳು. ಅವ್ವನ ಸೀರೆ, ಎರಡು ರಟ್ಟು, ಮೂರು ಖಾನಾವಳಿ, ಗುಮಾಸ್ತ ಕೇಳಿದ್ದು, ಅಪ್ಪ ಹೇಳಿದ್ದು, ಎಲ್ಲವನ್ನೂ ಹೇಳಿದಳು. ದನಿ ಏರಿಸಲಿಲ್ಲ, ಅಳಲಿಲ್ಲ. ಮಾರ್ಕ್ಸ್ ಕಾರ್ಡು ಈಗಲೂ ತನ್ನ ಟ್ರಂಕಿನಲ್ಲಿದೆ, ಬೇಕಾದರೆ ನೋಡಿಕೋ ಎಂದಳು. ಕಿರಣ ಬಾಯಿ ತೆರೆದುಕೊಂಡು ಕೇಳಿದ. ತನ್ನ ಅವ್ವ ಫಸ್ಟ್ ಕ್ಲಾಸಿನಲ್ಲಿ ಪಾಸಾದವಳು ಎಂದು ಅವನಿಗೆ ನಲವತ್ತರ ವಯಸ್ಸಿನಲ್ಲಿ ಗೊತ್ತಾಗುತ್ತಿತ್ತು. ಸಿದ್ದಲಿಂಗ ನಡುವೆ, ಏನೋ ಇರಬಹುದು, ಹಳೇ ಮಾತು ಯಾಕೆ ಎಂದು ರಾಗ ಎಳೆದ. ಯಾರೂ ಅವನ ಕಡೆ ನೋಡಲಿಲ್ಲ. ಕಿರಣ ಮಾತ್ರ ಅಭ್ಯಾಸಬಲದಿಂದ ಒಮ್ಮೆ ಕತ್ತು ಆ ಕಡೆ ತಿರುಗಿಸಿದ.

“ಅವನ ಮಾರಿ ಏನ ನೋಡ್ತಿ? ಮಾಮಾನ್ನ ಕೇಳಿದ್ದು ಸಾಕು. ಆಕಿನ್ನ ಕೇಳು,” ಎಂದಳು ನೀಲಕ್ಕ.

ಕಿರಣ ಮಗಳ ಕಡೆ ನೋಡಿದ. ವ್ಯಾಪಾರದಲ್ಲಿ ಎಂಥವರ ಮುಂದೆಯೂ ತಡವರಿಸದ ಬಾಯಿ ಈಗ ತಡವರಿಸಿತು. ನಿನಗೆ ಯಾವುದು ಬೇಕವ್ವಾ ಎಂದು ಕೇಳಿದ. ಸುಮಿತಾ ಒಂದು ಕ್ಷಣವೂ ತಡಮಾಡದೆ, ಇದೇ ಬೇಕು ಎಂದಳು. ಯಾವ ಮರದ ಕೆಳಗೆ ಯಾವ ಮರ ಬೆಳೆಯುತ್ತದೆ, ಸೂಪಾ ಅಣೆಕಟ್ಟಿನ ನೀರು ನಿಂತ ಮೇಲೆ ದಂಡೆಯ ಕಾಡು ಹೇಗೆ ಬದಲಾಯಿತು, ಅದನ್ನೆಲ್ಲ ಓದಬೇಕು ಎಂದಳು. ಹುಡುಗಿಯ ಬಾಯಿಂದ ಒಂದೇ ಉಸಿರಿಗೆ ಅಷ್ಟು ಮಾತು ಬಂದದ್ದನ್ನು ಆ ಮನೆಯವರು ಅದೇ ಮೊದಲು ಕೇಳಿದ್ದು. ಕಿರಣ ಕಿಸೆಯಿಂದ ತನ್ನ ಫೋನು ತೆಗೆದು ನಂಬರು ಓದಿ ಹೇಳಿದ. ಸುಮಿತಾ ಅದನ್ನು ತನ್ನ ಫೋನಿನಲ್ಲಿ ತುಂಬಿದಳು. ಇನ್ನು ಒಪ್ಪಿಗೆ ಒತ್ತುವುದೊಂದು ಬಾಕಿ. ಸಿದ್ದಲಿಂಗ ಚಪ್ಪಲಿ ಹುಡುಕುತ್ತಿದ್ದ.

ಸುಮಿತಾ ಒತ್ತಲಿಲ್ಲ. ಬೆರಳು ಮೇಲೆತ್ತಿ ಹಿಡಿದು ಅಜ್ಜಿಯ ಹತ್ತಿರ ಬಂದು ಕೂತಳು. ಅವಳು ಅಜ್ಜಿಯನ್ನು ಕರೆಯುವುದು ಆಯಿ ಎಂದು.

“ಆಯಿ, ನಿನಗ ಅವತ್ತ ಏನ ಓದೂದಿತ್ತು?”

ನೀಲಕ್ಕ ಹೇಳಲು ಬಾಯಿ ತೆರೆದಳು. ನಾಲಿಗೆಯ ತುದಿಯಲ್ಲೇ ಇರಬೇಕಿತ್ತು ಆ ಮಾತು. ಯಾವ ಕಿಟಕಿಯ ಸಾಲಿನಲ್ಲಿ ತಾನು ನಿಲ್ಲುತ್ತಿದ್ದೆ ಎಂದು ಹುಡುಕಿದಳು. ಇತಿಹಾಸವೆ, ಅರ್ಥಶಾಸ್ತ್ರವೆ, ಇನ್ನೇನಾದರೂ ಇತ್ತೆ? ಏನೂ ಸಿಗಲಿಲ್ಲ. ಒಂದು ಫಾರ್ಮು ಕೈಗೆ ಬಂದರೆ ಸಾಕು ಎಂದು ನಿಂತವಳು ಅದರ ಆಚೆಗೆ ಒಂದು ದಿನವೂ ಯೋಚಿಸಿರಲಿಲ್ಲ. ಆಗಲೂ ಇಲ್ಲ, ಆಮೇಲೂ ಇಲ್ಲ. ಅಪ್ಪನನ್ನೂ ಅಣ್ಣನನ್ನೂ ಬೈಯುವುದರಲ್ಲೇ ನಲವತ್ತಮೂರು ವರ್ಷ ಹೋಗಿತ್ತು, ತನ್ನನ್ನು ತಾನು ಆ ಒಂದು ಮಾತು ಕೇಳಿಕೊಂಡಿರಲಿಲ್ಲ.

ಹುಡುಗಿ ಕಾಯುತ್ತಿದ್ದಳು. ಗಡಿಯಾರ ನಾಲ್ಕೂವರೆ ದಾಟಿತ್ತು.

“ನೀ ಮೊದಲ ಅದನ್ನ ಒತ್ತು,” ಎಂದಳು ನೀಲಕ್ಕ.